ಮದನಿಕೆಯರಿಗೆ ಜೋಡಿ ಚಿತ್ರ ಬೇಕು

ಮಾನ್ಯರೇ,

ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ಅವುಗಳ ಚಿತ್ರಗಳಿಗೆ ಬರವಿಲ್ಲ. ಆದರೆ ಸೂರಿನಡಿ ಕೆತ್ತಿರುವ ಸುಂದರಿಯ ಶಿಲ್ಪ, ಅಂದರೆ ಮದನಿಕೆಯ ತಲೆಯ ಮೇಲಿನ ಎಲೆಚಪ್ಪರವನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆ ಎಂಬುದನ್ನು ಒಂಟಿ ಚಿತ್ರ ಹೇಳುವುದೇ ಇಲ್ಲ.

ಅದಕ್ಕೇ ನಾನು ಕಣ್ಣಿಗೊಂದರಂತೆ ಜೋಡಿ ಚಿತ್ರ ತೆಗೆಯುವ ಸ್ಟೀರಿಯೊ ಛಾಯಾಗ್ರಹಣ ಹಿಡಿದೆ. ಎರಡು ಕಣ್ಣುಗಳ ಎರಡು ನೋಟ ಬೆರೆತು ಆಳ ಕಾಣುತ್ತದೆ ಎಂದು ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ವಿವರಿಸಿದ್ದರು. ತಂದೆಯವರ ಫಿಲ್ಮ್ ಕ್ಯಾಮೆರಾವನ್ನು ಮರದ ಹಳಿಯ ಮೇಲೆ ಕೂರಿಸಿ ಒಂದು ಚಿತ್ರ ತೆಗೆದು, ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೆಯುತ್ತೇನೆ. ಕ್ಯಾಮೆರಾದಿಂದ ಶಿಲ್ಪಕ್ಕಿರುವ ದೂರದ ಮೂವತ್ತನೇ ಒಂದು ಭಾಗದಷ್ಟು ಸರಿಸಬೇಕೆಂಬುದು ಬಲ್ಲವರ ಲೆಕ್ಕ. ನಾಲ್ಕು ಮೀಟರ್ ದೂರದ ಮದನಿಕೆಗೆ ಸುಮಾರು 13 ಸೆಂ.ಮೀ., ಅಂದರೆ ನಮ್ಮ ಕಣ್ಣುಗಳ ನಡುವಿನ ಅಂತರದ ಎರಡರಷ್ಟು. ಕಲ್ಲು ಅಲುಗದು, ಬಿಸಿಲು ಮಾತ್ರ ಕಾಯುವುದಿಲ್ಲ. ಜಾತ್ರೆ, ಜನಜಂಗುಳಿಗಾದರೆ ಒಂದೇ ಮಾದರಿಯ ಎರಡು ಡಿಜಿಟಲ್ ಕ್ಯಾಮೆರಾಗಳನ್ನು ಜೋಡಿಸಿ ಏಕಕಾಲಕ್ಕೆ ಕ್ಲಿಕ್ಕಿಸಬೇಕು. ಡಿಜಿಟಲ್‌ನಲ್ಲಿ ಫಲಿತಾಂಶ ಅಲ್ಲೇ ತಿಳಿಯುತ್ತದೆ, ಓರೆಯಾಗಿದ್ದರೆ ತಿದ್ದಲೂಬಹುದು. ಆದರೂ ಸ್ಲೈಡ್ ಫಿಲ್ಮ್‌ನ ಪಾರದರ್ಶಕ ಚಿತ್ರಗಳ ಜೋಡಿಯನ್ನು ಬೆಳಕಿಗೆ ಹಿಡಿದು ಮಸೂರಗಳಲ್ಲಿ ನೋಡಿದಾಗಿನ ಹೊಳಪನ್ನು ನಾನು ಯಾವ ಪರದೆಯಲ್ಲೂ ಕಂಡಿಲ್ಲ. ಬೇಲೂರಿನ ಮದನಿಕೆ ದರ್ಪಣ ಸುಂದರಿಯ ಕೈಗನ್ನಡಿ ಮುಖದಿಂದ ಬೇರ್ಪಟ್ಟು ನಿಲ್ಲುತ್ತದೆ. ಎಲೆಗಳ ಹಿಂದಿನ ಕತ್ತಲೆಗೂ ಆಳ ಬರುತ್ತದೆ.

ಹಳೇಬೀಡಿನ ವಸ್ತುಸಂಗ್ರಹಾಲಯದಲ್ಲಿ ಇಂಥ ಜೋಡಿ ಚಿತ್ರಗಳನ್ನೂ ನೋಡುವ ಮಸೂರ ಪೆಟ್ಟಿಗೆಯನ್ನೂ ಪುರಾತತ್ವ ಇಲಾಖೆ ಇರಿಸಬೇಕು. ಕತ್ತೆತ್ತಿ ನೋಡಲಾಗದ ಹಿರಿಯರಿಗೂ, ಪ್ರವಾಸಕ್ಕೆ ಬರುವ ಶಾಲಾ ಮಕ್ಕಳಿಗೂ ಆ ಕೆತ್ತನೆ ಕಣ್ಣಳತೆಯಲ್ಲೇ ಸಿಗುತ್ತದೆ. ಹವ್ಯಾಸಿಗಳಿಂದ ಚಿತ್ರ ಕೇಳಿದರೆ ನನ್ನವನ್ನು ಉಚಿತವಾಗಿ ಕೊಡಲು ಸಿದ್ಧನಿದ್ದೇನೆ.

– ಹವ್ಯಾಸಿ ಛಾಯಾಗ್ರಾಹಕ, ಹಾಸನ