ಬಾಲ್ಯದ ಕ್ಯಾನ್ಸರ್ ಮದುವೆಗೆ ಅಡ್ಡಿಯಾಗಬೇಕೇ?

ಮಾನ್ಯರೇ,

ಚಿಕ್ಕಂದಿನಲ್ಲೇ ಕ್ಯಾನ್ಸರ್ ಗೆದ್ದು ಬಂದವರ ಮದುವೆ ಮಾತುಕತೆ ಎಷ್ಟೋ ಮನೆಗಳಲ್ಲಿ ಒಂದೇ ಕಡೆ ನಿಂತುಬಿಡುತ್ತದೆ. ‘ಹುಟ್ಟುವ ಮಕ್ಕಳಿಗೂ ಬಂದರೆ?’ ಈ ಭಯಕ್ಕೆ ಹೆಚ್ಚಿನ ಸಲ ಆಧಾರವಿಲ್ಲ. ಮಕ್ಕಳಲ್ಲಿ ಜಾಸ್ತಿ ಕಾಣುವ ರಕ್ತದ ಕ್ಯಾನ್ಸರ್ ಸಾಮಾನ್ಯವಾಗಿ ವಂಶದಿಂದ ಬರುವಂಥದ್ದಲ್ಲ. ಕಣ್ಣಿನ ಕ್ಯಾನ್ಸರ್ ರೆಟಿನೊಬ್ಲಾಸ್ಟೊಮಾದಂಥ ಕೆಲವು ಮಾತ್ರ ಮುಂದಿನ ಪೀಳಿಗೆಗೆ ದಾಟಬಹುದು. ಅದನ್ನೂ ಜೀನ್ ಪರೀಕ್ಷೆಯಿಂದ ತಿಳಿಯಬಹುದು.

ಚಿಕಿತ್ಸೆಯಲ್ಲಿ ಸೈಕ್ಲೋಫಾಸ್ಫಮೈಡ್‌ನಂಥ ಕ್ಯಾನ್ಸರ್ ಔಷಧ ಹೆಚ್ಚು ಪ್ರಮಾಣದಲ್ಲಿ ಕೊಟ್ಟಿದ್ದರೆ ಅಥವಾ ಕಿಬ್ಬೊಟ್ಟೆಗೆ ರೇಡಿಯೇಶನ್ ಆಗಿದ್ದರೆ ಮಕ್ಕಳಾಗಲು ತೊಂದರೆಯಾಗಬಹುದು. ಎಲ್ಲರಿಗೂ ಅಲ್ಲ. ಅದಕ್ಕೇ ಹಳೆಯ ಚಿಕಿತ್ಸೆಯ ಫೈಲು ಜೋಪಾನವಾಗಿರಬೇಕು. ಎಷ್ಟೋ ಅಪ್ಪ ಅಮ್ಮ ಕಾಯಿಲೆಯ ಹೆಸರನ್ನೇ ಮಗಳಿಗೆ ಹೇಳಿರುವುದಿಲ್ಲ. ಇದು ನನಗೆ ತುಂಬಾ ನೋವು ಕೊಡುತ್ತದೆ. 25 ವರ್ಷದ ಹೆಣ್ಣಿಗೆ ತನ್ನ ಮೈಗೆ ಏನಾಗಿತ್ತು ಅಂತ ಗೊತ್ತಿರಬೇಡವೇ?

ಮುಚ್ಚಿಟ್ಟು ಮದುವೆ ಮಾಡುವುದೂ ತಪ್ಪು. ಆದರೆ ಕಾಯಿಲೆಯ ವಿಷಯ ಹುಡುಗ ಹುಡುಗಿ ನಡುವಿನ ಮಾತು, ಬ್ರೋಕರ್‌ಗಳದ್ದಲ್ಲ, ನೆಂಟರದ್ದೂ ಅಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ನಮ್ಮ ರಾಜ್ಯದ ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಅಂಥದ್ದೊಂದು ಇರಲಿ. ಮದುವೆಗೆ ಮುಂಚೆ ಜೋಡಿ ಅಲ್ಲಿ ಕೂತು ವೈದ್ಯರ ಜತೆ ಮಾತಾಡುವಂತಾಗಲಿ.

– ಒಬ್ಬ ಓದುಗರು, ತುಮಕೂರು