ಹದಿನಾಲ್ಕು ತಿಂಗಳ ಬ್ಲಾಸ್ಟರ್: ಕೈ ಹಿಡಿದವರಿಗೆಲ್ಲ

ನಿನ್ನೆ ರಾತ್ರಿ ಹತ್ತು ಗಂಟೆಗೆ ಕೊನೆಯ ಸ್ಕ್ರೂ ಬಿಗಿ ಮಾಡಿದೆ. ನಾನು ಮಾಡುತ್ತಿದ್ದ ಸಿನಿಮಾ ಬಂದೂಕಿನ ನಕಲು, ಇ-11 ಬ್ಲಾಸ್ಟರ್ ರೈಫಲ್, ಮುಗಿಯಿತು. ಮೇಜಿನ ಮೇಲಿಟ್ಟು ಒಂದಷ್ಟು ಹೊತ್ತು ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಒಂದು ಹಾಳೆ ತಗೊಂಡು, ಇದರ ಯಾವ ಭಾಗಕ್ಕೆ ಯಾರ ಕೈ ತಾಗಿದೆ ಅಂತ ಬರೆಯುತ್ತಾ ಹೋದೆ. ಹಾಳೆಯ ಎರಡೂ ಬದಿ ತುಂಬಿತು. ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ.

ಇದು ಯಾವ ಬಂದೂಕು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 1977ರಲ್ಲಿ ಬಂದ ಮೊದಲ ಸ್ಟಾರ್ ವಾರ್ಸ್ ಚಿತ್ರದಲ್ಲಿ ಬಿಳಿ ಕವಚ ತೊಟ್ಟ ಸೈನಿಕರ ಕೈಯಲ್ಲಿ ಇರುವ ಕಪ್ಪು ಬಂದೂಕು ಇದು. ಅದು ಬಾಹ್ಯಾಕಾಶದಿಂದ ಬಂದದ್ದೇನಲ್ಲ. ಒಳಗೆ ಇದ್ದದ್ದು ಬ್ರಿಟಿಷ್ ಸೇನೆಯ ಸ್ಟರ್ಲಿಂಗ್ ಸಬ್‌ಮೆಷಿನ್ ಗನ್. ಜಾರ್ಜ್ ಪ್ಯಾಚೆಟ್ ವಿನ್ಯಾಸ ಮಾಡಿದ್ದು. 1953ರಲ್ಲಿ ಸೇನೆ ಅದನ್ನು ಒಪ್ಪಿಕೊಂಡಿತು, ಹಳೆಯ ಸ್ಟೆನ್ ಗನ್ನಿನ ಜಾಗಕ್ಕೆ ತಂದಿತು. ಚಿತ್ರತಂಡದ ರೋಜರ್ ಕ್ರಿಶ್ಚಿಯನ್, ಲಂಡನ್ನಿನಲ್ಲಿ ಸಿನಿಮಾಗಳಿಗೆ ಬಂದೂಕು ಬಾಡಿಗೆಗೆ ಕೊಡುವ ಬ್ಯಾಪ್ಟಿ ಕಂಪನಿಯಲ್ಲಿ ಇದನ್ನು ಆರಿಸಿಕೊಂಡರು. ಮುಂದಿನ ತೂತುಗಳ ಸಾಲಿಗೆ ಟಿ ಆಕಾರದ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದರು, ಮೇಲೆ ಹಳೆಯ ಮಿಲಿಟರಿ ದುರ್ಬೀನು ಕೂರಿಸಿದರು. ಗುಂಡು ತುಂಬುವ ಉದ್ದನೆಯ ಬಾಗಿದ ಮ್ಯಾಗಜಿನ್ ಬದಲು ಗಿಡ್ಡದೊಂದು ಬಂತು. ಇದ್ದದ್ದಕ್ಕೇ ಇದ್ದದ್ದನ್ನು ಅಂಟಿಸಿ ಒಂದು ಹೊಸ ಲೋಕದ ಆಯುಧ ಮಾಡಿದರು. ನನಗೆ ಈ ಹುಚ್ಚು ಹತ್ತಿದ್ದೇ ಈ ಕಥೆ ಕೇಳಿ.

ಮೊದಲ ಕೃತಜ್ಞತೆ ಚಿಕ್ಕಪ್ಪನಿಗೆ. ಅವರು ಮೂವತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತವರು. ಸಿನಿಮಾ ಅವರಿಗೆ ಅಷ್ಟಕ್ಕಷ್ಟೆ. ನಾನು ಚಿತ್ರ ತೋರಿಸಿ "ಇಂಥದ್ದು ಮಾಡಬೇಕು ಚಿಕ್ಕಪ್ಪ" ಅಂದಾಗ ಅವರು ಕೇಳಿದ್ದು ಒಂದೇ: "ಇದರಿಂದ ಗುಂಡು ಹಾರುತ್ತಾ?" ಹಾರಲ್ಲ, ಹಾರುವ ಹಾಗೆ ಮಾಡುವುದೂ ಇಲ್ಲ ಅಂದೆ. "ಹಂಗಾದ್ರೆ ಕೊಡು ಇಲ್ಲಿ" ಅಂದರು.

ಆ ಮಾತನ್ನು ನಾವಿಬ್ಬರೂ ಕೊನೆವರೆಗೆ ಬಿಡಲಿಲ್ಲ. ಈ ಬ್ಲಾಸ್ಟರ್‌ನಲ್ಲಿ ಸ್ಟರ್ಲಿಂಗ್‌ನ ಅಸಲಿ ಭಾಗಗಳು ಅಂದರೆ ಹಿಡಿಕೆ, ಹೆಗಲಿಗೆ ಒತ್ತಿ ಹಿಡಿಯುವ ಮಡಚುವ ಬಟ್ಟು, ಹಿಂದಿನ ಮುಚ್ಚಳ, ಅಷ್ಟೇ. ಬಂದೂಕನ್ನು ಕತ್ತರಿಸಿ ನಿರುಪಯೋಗಿ ಮಾಡಿದ ಮೇಲೆ ಉಳಿದ ಭಾಗಗಳು ಅವು. ಒಳಗೆ ಹಿಂದೆ ಮುಂದೆ ಓಡಿ ಗುಂಡು ಹಾರಿಸುವ ಬೋಲ್ಟ್ ತಗೊಳ್ಳಲಿಲ್ಲ. ನಳಿಗೆ ತಗೊಳ್ಳಲಿಲ್ಲ. ನಳಿಗೆ ಇರಬೇಕಾದ ಜಾಗದಲ್ಲಿ ಗಟ್ಟಿ ಅಲ್ಯೂಮಿನಿಯಂ ಸರಳು ಕೂತಿದೆ. ಗುಂಡು ಹೋಗುವ ದಾರಿಯೇ ಇಲ್ಲ. ಈ ವಿಷಯದಲ್ಲಿ ಕಾನೂನು ದೇಶಕ್ಕೊಂದು ಥರ ಇರುತ್ತದೆ. ಹಾಗಾಗಿ ಮೊದಲ ಭಾಗ ಕೈಗೆ ಬರುವ ಮುಂಚೆಯೇ ಬಲ್ಲವರನ್ನು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆದೆ. ತಾಳ್ಮೆಯಿಂದ ಉತ್ತರ ಕೊಟ್ಟ ಆ ವಕೀಲರಿಗೂ ನಾನು ಋಣಿ. ಇಂಥ ಕೆಲಸಕ್ಕೆ ಕೈ ಹಾಕುವವರು ಈ ಹೆಜ್ಜೆ ತಪ್ಪಿಸಬೇಡಿ, ದಯವಿಟ್ಟು.

ಮೈ ಅಂದರೆ ಕೊಳವೆ. ಸ್ಟರ್ಲಿಂಗ್ ಕೊಳವೆಯ ಹೊರಗಿನ ಅಗಲ ಒಂದೂವರೆ ಇಂಚು, ಅಂದರೆ ಸುಮಾರು 38 ಮಿಲಿಮೀಟರ್. ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆ ತಂದೆ. ಅದರ ಮೇಲೆ ತೂತುಗಳು ಬೀಳಬೇಕು. ಇಡೀ ಬ್ಲಾಸ್ಟರ್‌ನಲ್ಲಿ ಕಣ್ಣಿಗೆ ಮೊದಲು ಬೀಳುವುದು ಈ ತೂತುಗಳೇ. ಒಂದು ತೂತು ಅರ್ಧ ಮಿಲಿಮೀಟರ್ ಸರಿದರೂ ಸಾಲು ಡೊಂಕಾಗಿ ಕಾಣುತ್ತದೆ.

ಅಕ್ಕನ ಮಗಳು ಕಾಗದದ ಅಚ್ಚು ಬಿಡಿಸಿಕೊಟ್ಟಳು. ಹದಿನೈದು ವರ್ಷದ ಹುಡುಗಿ. ಕಾಗದವನ್ನು ಕೊಳವೆಗೆ ಸುತ್ತಿದಾಗ ಎರಡು ಅಂಚೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಸೇರಬೇಕು. ಅದಕ್ಕೆ ಕೊಳವೆಯ ಸುತ್ತಳತೆಗೆ ಕಾಗದದ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಿದಳು. ನನಗೆ ಅದು ಹೊಳೆದೇ ಇರಲಿಲ್ಲ. ಮೂರು ಸಲ ಮುದ್ರಿಸಿ, ಮೂರು ಸಲವೂ ಸುತ್ತಿ ನೋಡಿ, "ಈಗ ಸರಿ ಇದೆ ಮಾಮ" ಅಂದಳು. ಪುಟ್ಟಿ, ಆ ಲೆಕ್ಕ ಇಲ್ಲದಿದ್ದರೆ ಈ ಬಂದೂಕೇ ಇಲ್ಲ.

ಆದರೂ ಮೊದಲ ಕೊಳವೆ ಹಾಳಾಯಿತು. ಅಳತೆ ನಾನು ಸಿನಿಮಾ ಚಿತ್ರಗಳಿಂದ ತೆಗೆದಿದ್ದೆ. ದೂರದ ದೇಶದಲ್ಲಿರುವ ಒಬ್ಬ ಹಿರಿಯರ ಹತ್ತಿರ ನಿಷ್ಕ್ರಿಯ ಮಾಡಿದ ಪೂರ್ತಿ ಸ್ಟರ್ಲಿಂಗ್ ಇದೆ. ಅವರಿಗೆ ನನ್ನ ಕೊಳವೆಯ ಫೋಟೋ ಕಳಿಸಿದೆ. ಮುಲಾಜಿಲ್ಲದೆ ಬರೆದರು: ಸಾಲು ಮೂರು ಮಿಲಿಮೀಟರ್ ಹಿಂದೆ ಇದೆ, ಮತ್ತೆ ಮಾಡಿ. ಎರಡು ತಿಂಗಳ ಕೆಲಸ ಅದು. ಮನಸ್ಸಿಗೆ ಬೇಜಾರಾಯಿತು. ಮರುದಿನ ಅವರಿಂದ ಇನ್ನೊಂದು ಪತ್ರ. ಒಂದೊಂದು ತೂತಿನ ಪಕ್ಕದಲ್ಲೂ ಉಕ್ಕಿನ ಸ್ಕೇಲ್ ಇಟ್ಟು ತೆಗೆದ ಫೋಟೋಗಳು. ಜೊತೆಗೆ ಕೈಬರಹದಲ್ಲಿ ಅಳತೆಯ ಪಟ್ಟಿ. ಮುಖ ನೋಡದ ಮನುಷ್ಯನಿಗಾಗಿ ಯಾರಾದರೂ ಇಡೀ ಒಂದು ದಿನ ಕೂತು ತೂತು ಅಳೆಯುತ್ತಾರಾ? ಅವರು ಅಳೆದರು. "ಚೆನ್ನಾಗಿದೆ" ಅಂತ ಸುಮ್ಮನಾಗಿದ್ದರೆ ನಾನು ಆ ತಪ್ಪು ಕೊಳವೆಯಲ್ಲೇ ಮುಗಿಸಿಬಿಡುತ್ತಿದ್ದೆ. ನಿಜ ಹೇಳಿದ್ದಕ್ಕೆ, ಹೇಳಿ ಬಿಟ್ಟುಬಿಡದೆ ದಾರಿಯನ್ನೂ ತೋರಿಸಿದ್ದಕ್ಕೆ, ಅವರಿಗೆ ಎಷ್ಟು ಸಲ ವಂದನೆ ಹೇಳಿದರೂ ಸಾಲದು.

ಎರಡನೇ ಕೊಳವೆಯ ತೂತುಗಳನ್ನು ಚಿಕ್ಕಪ್ಪನ ಕಣ್ಣೆದುರೇ ಹೊಡೆದೆ. ಪ್ರತಿ ಗುರುತಿನ ಮೇಲೂ ಮೊದಲು ಸೆಂಟರ್ ಪಂಚ್‌ನಿಂದ ಸಣ್ಣ ಚುಕ್ಕೆ. ಆಮೇಲೆ ಸಣ್ಣ ಡ್ರಿಲ್ ಬಿಟ್, ಆಮೇಲೆ ದೊಡ್ಡದು. "ಅವಸರ ಮಾಡ್ಬೇಡ ಕಣೋ. ಅಲ್ಯೂಮಿನಿಯಂ ಬಿಟ್ಟಿಗೆ ಅಂಟ್ಕೊಳ್ಳುತ್ತೆ. ಸೀಮೆಎಣ್ಣೆ ಬಿಡು" ಅನ್ನುತ್ತಾ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಒಂದು ತೂತಿಗೆ ಎರಡು ಹನಿ. ಕೊರೆದ ಲೋಹ ಉದ್ದಕ್ಕೆ ಸುರುಳಿಯಾಗಿ ಬಂದರೆ ಅವರು ತಲೆಯಾಡಿಸುತ್ತಿದ್ದರು. ಪುಡಿಪುಡಿಯಾಗಿ ಬಂದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. ಬಿಟ್ಟನ್ನು ಬೆಳಕಿಗೆ ಹಿಡಿದು ನೋಡಿ, ತುದಿಗೆ ಕಚ್ಚಿದ ಲೋಹ ಕೆರೆದು, ಮತ್ತೆ ನನ್ನ ಕೈಗೆ ಕೊಡುತ್ತಿದ್ದರು. ಅವರೇ ಹೊಡೆದಿದ್ದರೆ ಒಂದು ಗಂಟೆಯ ಕೆಲಸ. ನನಗೆ ಮೂರು ದಿನ ಬೇಕಾಯಿತು. ಆ ಮೂರು ದಿನವೂ ಅವರು ಡ್ರಿಲ್ಲನ್ನು ನನ್ನ ಕೈಯಿಂದ ತಗೊಳ್ಳಲಿಲ್ಲ.

ಇದಾದ ಎರಡೇ ವಾರಕ್ಕೆ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಅದನ್ನು ಬಿಚ್ಚಿದ ದಿನ ಅಂಗೈ ಮೇಲೆ ಮಾಡಿ ಹಿಡಿಯಲು ಆಗಲಿಲ್ಲ. ಕೈ ಅರ್ಧಕ್ಕೆ ತಿರುಗಿ ನಿಂತುಬಿಡುತ್ತಿತ್ತು. ಬ್ಲಾಸ್ಟರ್ ತುಂಡುಗಳನ್ನು ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳಿದೆ. ಕೆಲವು ವಾರ ಆ ಪೆಟ್ಟಿಗೆ ನೋಡಲೂ ಇಷ್ಟ ಇರಲಿಲ್ಲ. ಆ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಅದನ್ನು ಹೊರಗೆ ತೆಗೆಸಿದವರು ನನ್ನ ಫಿಸಿಯೋಥೆರಪಿಸ್ಟ್. ಒಂದು ದಿನ ಅವರು ಸುತ್ತಿಗೆ ಕೊಟ್ಟು, ಹಿಡಿಯ ತುದಿ ಹಿಡಿದು ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಲು ಹೇಳಿದರು. ಸುತ್ತಿಗೆಯ ತೂಕಕ್ಕೆ ಮುಂಗೈ ತಾನಾಗಿ ತಿರುಗುತ್ತದೆ. ಮನೆಯಲ್ಲಿ ಸುತ್ತಿಗೆ ಇದೆಯಾ ಅಂತ ಕೇಳಿದಾಗ, ಸುತ್ತಿಗೆ ಅಲ್ಲ ಮೇಡಂ, ಒಂದು ಪೆಟ್ಟಿಗೆ ತುಂಬ ಸಾಮಾನೇ ಇದೆ ಅಂತ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಹಾಗಿದ್ರೆ ದಿನಾ ಹತ್ತು ನಿಮಿಷ ಸ್ಕ್ರೂಡ್ರೈವರ್ ಹಿಡೀರಿ. ಬಿಗಿ ಮಾಡಿ, ಬಿಚ್ಚಿ. ನೋವಾದ ತಕ್ಷಣ ನಿಲ್ಲಿಸಿ" ಅಂದರು. ಹಿಡಿಕೆಯ ಒಂದೇ ಒಂದು ಸ್ಕ್ರೂವನ್ನು ಎಷ್ಟು ಸಲ ಹಾಕಿ ತೆಗೆದಿದ್ದೇನೋ ಲೆಕ್ಕ ಇಲ್ಲ. ಮೊದಲ ವಾರ ಕಾಲು ಸುತ್ತು ತಿರುಗಿಸಲು ಹಲ್ಲು ಕಚ್ಚಬೇಕಿತ್ತು. ಎರಡನೇ ತಿಂಗಳಿಗೆ ಅರ್ಧ ಸುತ್ತು ಸಲೀಸಾಗಿ ಬಂತು. ಮೇಡಂ, ನಿನ್ನೆ ರಾತ್ರಿ ಬಿಗಿ ಮಾಡಿದ ಕೊನೆಯ ಸ್ಕ್ರೂ ಅದೇ. ಬಲಗೈಯಲ್ಲೇ ಮಾಡಿದೆ.

ನನ್ನ ಕೈ ಇನ್ನೂ ಬಿಗಿಯಾಗಿದ್ದಾಗ ಗೆಳೆಯನೊಬ್ಬ ಪ್ರತಿ ಭಾನುವಾರ ಬಂದು ಗಿಡ್ಡ ಮ್ಯಾಗಜಿನ್ ಮತ್ತು ದುರ್ಬೀನಿನ ಕೆಲಸ ವಹಿಸಿಕೊಂಡ. ಚಿತ್ರದ ಬ್ಲಾಸ್ಟರ್ ಮೇಲಿನದು ಎರಡನೇ ಮಹಾಯುದ್ಧದ ಕಾಲದ ಟ್ಯಾಂಕಿನ ಎಂ38 ದುರ್ಬೀನು. ಅಸಲಿ ಸಿಗುವುದು ಕಷ್ಟ. ಸಿಲಿಕೋನ್ ರಬ್ಬರ್ ಅಚ್ಚಿನಲ್ಲಿ, ಹುಯ್ದ ಮೇಲೆ ಗಟ್ಟಿಯಾಗುವ ರೆಸಿನ್ ದ್ರವ ಹುಯ್ದು ನಕಲು ಮಾಡಿದ. ಮೊದಲನೆಯದರ ತುಂಬ ಗಾಳಿಗುಳ್ಳೆ. ಎರಡನೇ ಸಲ ರೆಸಿನ್ ಅನ್ನು ಎತ್ತರದಿಂದ ದಾರದಷ್ಟು ಸಣ್ಣಗೆ ಸುರಿದ. ಗುಳ್ಳೆಗಳು ದಾರಿಯಲ್ಲೇ ಒಡೆದು, ಮೇಲ್ಮೈ ಗಾಜಿನ ಹಾಗೆ ಬಂತು.

ಎಣಿಕೆ ಯಂತ್ರ ತಂದವನೂ ಅವನೇ. ಮೂಲ ಬ್ಲಾಸ್ಟರ್‌ಗಳ ಪಕ್ಕದಲ್ಲಿ ಹೆಂಗ್‌ಸ್ಟ್ಲರ್ ಎಂಬ ಜರ್ಮನ್ ಕಂಪನಿಯ ಸಣ್ಣ ಕೌಂಟರ್ ಕಾಣುತ್ತದೆ. ಕಾರ್ಖಾನೆಗಳಲ್ಲಿ ಮೆಷಿನ್ ಎಷ್ಟು ಸಲ ಓಡಿತು ಅಂತ ಎಣಿಸುವ ಸಾಮಾನು. ಅದಕ್ಕೆ ಹತ್ತಿರದ ಹಳೆಯದೊಂದನ್ನು ಗುಜರಿಗೆ ಹೋಗುತ್ತಿದ್ದ ಮೆಷಿನ್ನಿನಿಂದ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಕಿಟಕಿಯಲ್ಲಿ ಇನ್ನೂ ಅಂಕಿಗಳಿದ್ದವು. ಚಿಕ್ಕಪ್ಪ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಇಂಥದ್ದೇ ಒಂದು ಅವರ ಲೇತ್ ಪಕ್ಕದ ಮೆಷಿನ್ ಮೇಲೆ ಇತ್ತಂತೆ.

ಬಣ್ಣದ ವಿಷಯ ಹೇಳಲೇಬೇಕು. ಸ್ಟರ್ಲಿಂಗ್ ಮೈ ನುಣ್ಣಗಿರುವುದಿಲ್ಲ, ಸುಕ್ಕು ಸುಕ್ಕಾದ ಕಪ್ಪು ಬಣ್ಣ ಅದಕ್ಕೆ. ಅದಕ್ಕೆಂದೇ ಸುಕ್ಕುಗಟ್ಟುವ ಪೇಂಟ್ ಬರುತ್ತದೆ. ದಪ್ಪಗೆ ಮೂರು ಪದರ ಹೊಡೆಯಬೇಕು, ಒಂದು ಒಣಗುವ ಮೊದಲೇ ಇನ್ನೊಂದು. ಮೇಲಿನ ಪೊರೆ ಬೇಗ ಗಟ್ಟಿಯಾಗಿ, ಕೆಳಗಿನದು ಇನ್ನೂ ಹಸಿ ಇರುವಾಗ ಹಿಗ್ಗಿ ಮಡಚಿಕೊಳ್ಳುತ್ತದೆ. ನನ್ನ ಹೆಂಡತಿ ಹೇರ್ ಡ್ರೈಯರ್ ಹಿಡಿದು ನಿಂತಳು, ನಾನು ಕೊಳವೆ ತಿರುಗಿಸುತ್ತಿದ್ದೆ. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದು ತೂತಿನ ಅಂಚಿನಲ್ಲಿ, ಕಾದ ಹಾಲಿನ ಕೆನೆ ಮಡಚುವ ಹಾಗೆ ಸಣ್ಣದೊಂದು ಸುಕ್ಕು ಎದ್ದಿತು. ನೋಡುತ್ತಿದ್ದ ಹಾಗೇ ಅದು ಕೊಳವೆಯ ಉದ್ದಕ್ಕೂ ಹರಿಯಿತು. "ಬಂತು ಬಂತು!" ಅಂತ ಅವಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಹದಿನಾಲ್ಕು ತಿಂಗಳು ಮನೆಯಲ್ಲಿ ಅಲ್ಯೂಮಿನಿಯಂ ಪುಡಿ, ರೆಸಿನ್ ವಾಸನೆ. ಕೈ ಮುರಿದಾಗ ಊಟ ಮಾಡಿಸಿದ್ದು, ಶರ್ಟಿನ ಗುಂಡಿ ಹಾಕಿದ್ದು ಅವಳೇ. ಮಂಚದ ಕೆಳಗಿನ ಪೆಟ್ಟಿಗೆಗೆ ಧೂಳು ಕೂರದ ಹಾಗೆ ನೋಡಿಕೊಂಡದ್ದೂ ಅವಳೇ. ಅದು ನನಗೆ ಗೊತ್ತಾದದ್ದು ಮೊನ್ನೆ.

ಕೊನೆಗೆ ಟಿ ಪಟ್ಟಿಗಳು. ಅಂದು ರೋಜರ್ ಕ್ರಿಶ್ಚಿಯನ್ ಅಂಟಿಸಿದ ಹಾಗೆಯೇ ನಾವೂ ಸೂಪರ್‌ಗ್ಲೂ ಹಾಕಿ ಅಂಟಿಸಿದೆವು. ಎಲ್ಲರನ್ನೂ ಕರೆದಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಪುಟ್ಟಿ ಹಾಕಿದ್ದು ಅತಿ ನೇರ. ಚಿಕ್ಕಪ್ಪ ತಮ್ಮದನ್ನು ಹಾಕುವ ಮೊದಲು ಅಂಚಿಗೆ ಅರ ಆಡಿಸಿದರು. ಹೆಂಡತಿಯ ಪಟ್ಟಿಯ ಮೇಲೆ ಅವಳ ಬೆರಳಿನ ಗುರುತು ಗೋಂದಿನಲ್ಲಿ ಕೂತುಬಿಟ್ಟಿದೆ. ಅಳಿಸಲು ಹೊರಟವಳನ್ನು ನಾನೇ ತಡೆದೆ. ದೂರದ ಆ ಹಿರಿಯರ ಹೆಸರಿನಲ್ಲಿ ಒಂದು ಪಟ್ಟಿ ನಾನು ಹಾಕಿದೆ, ಫೋಟೋ ಅವರಿಗೆ ಹೋಗಿದೆ.

ಅಸಲಿ ಬಂದೂಕು ಅಲ್ಲ ಅಂತ ತಿಳಿಯಲು ತುದಿಗೆ ಕಿತ್ತಳೆ ಬಣ್ಣದ ಬಿರಡೆ ಇದೆ. ಮನೆಯಿಂದ ಹೊರಗೆ ಹೋಗುವಾಗ ಇದು ಮುಚ್ಚಿದ ಪೆಟ್ಟಿಗೆಯಲ್ಲೇ ಹೋಗುತ್ತದೆ. ಕಾಗದದ ಅಚ್ಚು, ಹಿರಿಯರ ಅಳತೆಯ ಪಟ್ಟಿ ಎರಡನ್ನೂ ಅವರ ಒಪ್ಪಿಗೆ ಪಡೆದು ಶುದ್ಧ ಪ್ರತಿ ಮಾಡಿಟ್ಟಿದ್ದೇನೆ. ಯಾರಿಗೆ ಬೇಕಾದರೂ ಕೊಡುತ್ತೇನೆ. ಎಣಿಕೆ ಯಂತ್ರದ ಅಂಕಿಯನ್ನು ಸೊನ್ನೆಗೆ ತರಲಾ ಅಂತ ನಿನ್ನೆ ಗೆಳೆಯ ಕೇಳಿದ. ಬೇಡ ಅಂದೆ. ಆ ಮೆಷಿನ್ ನಿಂತ ದಿನ ಎಷ್ಟಿತ್ತೋ ಅಷ್ಟೇ ಇದೆ.