ಹೆರಿಗೆ ವಾರ್ಡಿನ ಬಾಗಿಲಲ್ಲಿ ಬಾಯಿಗೆ ಬಾರದ ಪಾಠ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನೆಂಟರ ಮನೆಯ ಬಾಣಂತಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಪಕ್ಕದ ಹಾಸಿಗೆಯಲ್ಲಿ ಹಿಂದಿನ ರಾತ್ರಿಯಷ್ಟೇ ಹೆತ್ತ ಹೆಣ್ಣುಮಗಳು ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. ‘ಮೂರನೆಯದೂ ಹೆಣ್ಣೇ. ಇವಳ ಹೊಟ್ಟೆಯಲ್ಲಿ ಗಂಡು ನಿಲ್ಲುವುದೇ ಇಲ್ಲ’ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಡ ನನ್ನನ್ನು ಕಂಡು ‘ನಮಸ್ಕಾರ ಟೀಚರ್’ ಎಂದ. ನನ್ನ ಹಳೆಯ ವಿದ್ಯಾರ್ಥಿ. ಲಿಂಗ ನಿರ್ಧಾರದ ಚಿತ್ರವನ್ನು ತಪ್ಪಿಲ್ಲದೆ ಬರೆದು ಪೂರ್ತಿ ಅಂಕ ಪಡೆದಿದ್ದವನು. ಅಮ್ಮನ ಮಾತು ಕಿವಿಗೆ ಬೀಳುತ್ತಿದ್ದರೂ ತಲೆ ತಗ್ಗಿಸಿ ನಿಂತಿದ್ದ.

ಅವನು ಹೇಳಬೇಕಿದ್ದುದು ಇಷ್ಟೇ. ನಮ್ಮ ದೇಹದ ಜೀವಕೋಶಗಳಲ್ಲಿ 46 ವರ್ಣತಂತುಗಳು, ಅಂದರೆ ತಂದೆತಾಯಿಯ ಗುಣಗಳನ್ನು ಮಗುವಿಗೆ ಒಯ್ಯುವ ಎಳೆಗಳು (ಕ್ರೋಮೋಸೋಮ್), ಇರುತ್ತವೆ; ಅಂಡಾಣುವಿನಲ್ಲೂ ವೀರ್ಯಾಣುವಿನಲ್ಲೂ 23 ಮಾತ್ರ. ಎರಡೂ ಕೂಡಿದಾಗ ಲೆಕ್ಕ ಮತ್ತೆ 46ಕ್ಕೆ ಸರಿಹೋಗುತ್ತದೆ. ಆ 23ರಲ್ಲಿ ಒಂದು ಲಿಂಗ ವರ್ಣತಂತು. ಅಂಡಾಣುವಿನಲ್ಲಿ ಇರುವುದು ಎಕ್ಸ್. ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ಎಕ್ಸ್ ಹೊತ್ತಿರುತ್ತವೆ, ಉಳಿದರ್ಧ ವೈ. ಎಕ್ಸ್ ಹೊತ್ತದ್ದು ಅಂಡಾಣುವನ್ನು ಸೇರಿದರೆ ಹೆಣ್ಣು, ವೈ ಹೊತ್ತದ್ದು ಸೇರಿದರೆ ಗಂಡು. ತಾಯಿಯ ಬಳಿ ಕೊಡಲು ವೈ ಇಲ್ಲವೇ ಇಲ್ಲ. ಹಾಗೆಂದು ತಂದೆಯನ್ನು ದೂರುವಂತೆಯೂ ಇಲ್ಲ; ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಯಾವುದು ಮುಟ್ಟುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಅಮೆರಿಕದ ವಿಜ್ಞಾನಿ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುಗಳ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಲಿಂಗ ನಿರ್ಧಾರವಾಗುವುದು ವೀರ್ಯಾಣು ತರುವ ವರ್ಣತಂತುವಿನಿಂದ ಎಂದು ತೋರಿಸಿದ್ದು 1905ರಲ್ಲಿ. ಅಂದಿನಿಂದ ಎಷ್ಟು ತಲೆಮಾರಿನ ಸೊಸೆಯರು ‘ಗಂಡು ನಿಲ್ಲುವುದೇ ಇಲ್ಲ’ ಎಂಬ ಮಾತು ಕೇಳಿದ್ದಾರೋ!

ಆ ದಿನ ಅತ್ತೆಯವರ ಪಕ್ಕ ಕುಳಿತು ನಾನೇ ಇದನ್ನು ಹೇಳಿದೆ. ಇನ್ನೊಂದು ಸಂಗತಿಯನ್ನೂ ಹೇಳಿದೆ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸಿದ್ದ ಆ ಕೂಸಿನೊಳಗೂ ಅವು ಇದ್ದವು. ಬಾಗಿಲಲ್ಲಿ ನಿಂತಿದ್ದ ಮಗ ಯಾವ ಅಂಡಾಣುವಿನಿಂದ ಹುಟ್ಟಿದನೋ, ಅದು ಈ ಅತ್ತೆ ತಮ್ಮ ತಾಯಿಯ ಬಸಿರಿನಲ್ಲಿದ್ದಾಗಲೇ ಇವರೊಳಗೆ ಮೊಳೆತಿತ್ತು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಇದನ್ನು ನಮಗೆ ಯಾರೂ ಹೇಳಲಿಲ್ಲವಲ್ಲಮ್ಮ’ ಎಂದರು.

ಹೇಳಬಲ್ಲ ಮಗ ಹತ್ತು ಹೆಜ್ಜೆ ದೂರದಲ್ಲೇ ಇದ್ದ. ಅವನ ತರಗತಿಗೆ ನಾನು ಚಿತ್ರ ಬರೆಸಿ, ಉತ್ತರ ಬಾಯಿಪಾಠ ಮಾಡಿಸಿ ಮುಗಿಸಿದ್ದೆ. ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸಿದ್ದೆ. ಆ ಸಂಕೋಚದ ಬೆಲೆಯನ್ನು ಗೋಡೆಯತ್ತ ತಿರುಗಿ ಮಲಗಿದ್ದವಳು ತೆರುತ್ತಿದ್ದಳು. ಆಮೇಲೆ, ನಿವೃತ್ತಿಗೆ ಮುಂಚಿನ ಕೆಲವು ವರ್ಷ, ಲಿಂಗ ನಿರ್ಧಾರದ ಪಾಠಕ್ಕೆ ನಾನು ಎರಡು ಬಟ್ಟೆಯ ಚೀಲ ಒಯ್ಯುತ್ತಿದ್ದೆ. ಅಮ್ಮನ ಚೀಲದ ತುಂಬ ಹುಣಸೆಬೀಜ. ಅಪ್ಪನ ಚೀಲದಲ್ಲಿ ಅರ್ಧ ಹುಣಸೆಬೀಜ, ಅರ್ಧ ಕಡಲೆಕಾಳು. ಮಕ್ಕಳು ಕಣ್ಣು ಮುಚ್ಚಿ ಎರಡೂ ಚೀಲದಿಂದ ಒಂದೊಂದು ತೆಗೆಯಬೇಕು. ಎರಡೂ ಹುಣಸೆಬೀಜವಾದರೆ ಹೆಣ್ಣು, ಕಡಲೆ ಬಂದರೆ ಗಂಡು. ಅಮ್ಮನ ಚೀಲವನ್ನು ಎಷ್ಟು ತಡಕಾಡಿದರೂ ಕಡಲೆ ಸಿಗುವುದಿಲ್ಲ ಎಂದು ಕೈಗೇ ಗೊತ್ತಾದ ಮೇಲೆ ಹುಡುಗರ ಕಿಸಿಕಿಸಿ ನಗು ತಾನಾಗಿ ನಿಲ್ಲುತ್ತಿತ್ತು.

ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಈ ದಂಧೆ ನಡೆಸುತ್ತಿದ್ದುದು ಬಯಲಾಯಿತು. ಕಾನೂನು ಬಿಗಿಯಾಗಲಿ. ಅದರ ಜೊತೆಗೆ ಶಿಕ್ಷಣ ಇಲಾಖೆಯು ಈ ಪಾಠಗಳನ್ನು ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿಯೇ ಮಾಡಬೇಕೆಂದು ಸೂಚಿಸಲಿ. ತರಬೇತಿಯಲ್ಲಿ ಶಿಕ್ಷಕರ ಸಂಕೋಚ ಬಿಡಿಸಲಿ. ಆರೋಗ್ಯ ಇಲಾಖೆಯು ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕದ ಕೆಳಗೇ ಇನ್ನೊಂದು ಸಾಲು ಬರೆಸಲಿ: ‘ಮಗು ಹೆಣ್ಣೋ ಗಂಡೋ ಎಂಬುದು ತಾಯಿಯಿಂದ ನಿರ್ಧಾರವಾಗುವುದಿಲ್ಲ.’ ಹೆರಿಗೆ ವಾರ್ಡಿನ ಹೊರಗೆ, ಗಂಡಸರು ಕಾದು ಕೂರುವ ಬೆಂಚಿನ ಎದುರಿಗೂ ಅದು ಇರಲಿ.

– ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹಾಸನ